ಪಂಟರ್‌ನ ಕಾಲಿಗೆ ಬೆಲೆ ಕಟ್ಟುವ ಬಗೆ

2021ರ ಋತುವಿನಲ್ಲಿ ಸ್ಯಾನ್ ಡಿಯೇಗೊ ಸ್ಟೇಟ್ ವಿಶ್ವವಿದ್ಯಾಲಯದ ಮ್ಯಾಟ್ ಅರೈಝಾ ಒದ್ದ ಪಂಟ್‌ಗಳ ಸರಾಸರಿ ದೂರ 51 ಗಜ ದಾಟಿತು. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಅದು ಹೊಸ ದಾಖಲೆ. ವರ್ಷದ ಶ್ರೇಷ್ಠ ಕಾಲೇಜು ಪಂಟರ್‌ಗೆ ಸಲ್ಲುವ ರೇ ಗೈ ಪ್ರಶಸ್ತಿಯೂ ಅವರದಾಯಿತು. ಮರುವರ್ಷದ ಡ್ರಾಫ್ಟ್‌ನಲ್ಲಿ, ಅಂದರೆ ವೃತ್ತಿಪರ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ದಿನಗಳಲ್ಲಿ, ಮೊದಲು ಕರೆ ಬಂದದ್ದು ಅವರಿಗಲ್ಲ. ಬಾಲ್ಟಿಮೋರ್ ರೇವನ್ಸ್ 130ನೆಯ ಆಯ್ಕೆಯಲ್ಲಿ ಪೆನ್ ಸ್ಟೇಟ್‌ನ ಜೋರ್ಡನ್ ಸ್ಟೌಟ್‌ರನ್ನು ತೆಗೆದುಕೊಂಡಿತು. 133ನೆಯ ಆಯ್ಕೆಯಲ್ಲಿ ಟ್ಯಾಂಪಾ ಬೇ ತಂಡ ಜಾರ್ಜಿಯಾದ ಜೇಕ್ ಕಮಾರ್ಡಾರನ್ನು ಕರೆಯಿತು. ದಾಖಲೆಯ ಒಡೆಯನ ಸರದಿ ಬಂದದ್ದು 180ರಲ್ಲಿ.

ಪಂಟ್ ಎಂದರೆ ಬಿಟ್ಟುಕೊಡುವ ಕಲೆ. ಹತ್ತು ಗಜ ಮುನ್ನುಗ್ಗಲು ತಂಡಕ್ಕೆ ನಾಲ್ಕು ಅವಕಾಶಗಳಿರುತ್ತವೆ. ಮೂರರಲ್ಲಿ ಆಗದಿದ್ದರೆ ನಾಲ್ಕನೆಯದನ್ನು ಪಣಕ್ಕಿಡುವ ಬದಲು ಚೆಂಡನ್ನು ಒದ್ದು, ಎದುರಾಳಿಯನ್ನು ಅವನ ಗೋಲಿನ ಕಡೆಗೆ ಆದಷ್ಟು ಹಿಂದಕ್ಕೆ ತಳ್ಳುವುದು ವಾಡಿಕೆ. ಎರಡೂ ತಂಡಗಳು ಎದುರುಬದುರಾಗಿ ನಿಲ್ಲುವ ಸಾಲಿನಿಂದ ಪಂಟರ್ ಸುಮಾರು 15 ಗಜ ಹಿಂದೆ ನಿಲ್ಲುತ್ತಾನೆ. ಸ್ನ್ಯಾಪರ್ ಎಂಬಾತ ಕಾಲುಗಳ ನಡುವಿನಿಂದ ಎಸೆದ ಚೆಂಡನ್ನು ಹಿಡಿದು, ಒಂದೆರಡು ಹೆಜ್ಜೆ ಇಟ್ಟು, ಕೈಯಿಂದ ಬಿಟ್ಟು ಒದೆಯುತ್ತಾನೆ. ಅತ್ತ ಒಬ್ಬ ಓಟಗಾರ ಅದನ್ನು ಹಿಡಿದು ಮರಳಿ ಓಡಲು ಕಾದಿರುತ್ತಾನೆ. ಅವನು ಗಳಿಸಿದ ಗಜಗಳನ್ನು ಕಳೆದರೆ ಉಳಿಯುವುದು ನಿವ್ವಳ ದೂರ. ಚೆಂಡು ಗೋಲು ಗೆರೆಯನ್ನೇ ದಾಟಿಬಿಟ್ಟರೆ ಎದುರಾಳಿಗೆ 20 ಗಜದ ಗೆರೆಯಲ್ಲಿ ಆಟ ಸಿಗುತ್ತದೆ, ಅಷ್ಟು ನಷ್ಟ.

ಒಟ್ಟು ಸರಾಸರಿಯನ್ನು ನಾನು ನಂಬದಿರುವುದಕ್ಕೆ ಕಾರಣ ಇಲ್ಲೇ ಇದೆ. ಅದರಲ್ಲಿ ಕಾಲಿನ ಬಲದಷ್ಟೇ ತಂಡದ ಪರಿಸ್ಥಿತಿಯೂ ಬೆರೆತಿರುತ್ತದೆ. ಮುನ್ನಡೆಯಲಾಗದ ತಂಡದ ಪಂಟರ್ ತನ್ನದೇ ಗೋಲಿನ ಬಳಿಯಿಂದ ಒದೆಯುತ್ತಾನೆ. ಎದುರಿಗೆ ಇಡೀ ಮೈದಾನ ಬಿಚ್ಚಿಕೊಂಡಿರುತ್ತದೆ, ಬಲವೆಲ್ಲ ಬಳಸಬಹುದು. ಒಳ್ಳೆಯ ತಂಡದವನು ಮೈದಾನದ ನಡುವಿನಿಂದ ಒದೆಯುವಾಗ 35 ಗಜಕ್ಕೆ ಚೆಂಡನ್ನು ಇಳಿಸಿದರೆ ಅದೇ ಅಪ್ಪಟ ಕೌಶಲ, ಆದರೆ ಸರಾಸರಿ ಕುಸಿಯುತ್ತದೆ. 2023ರಲ್ಲಿ ಅಯೋವಾದ ಟೋರಿ ಟೇಲರ್ ಒಂದೇ ಋತುವಿನಲ್ಲಿ 4,479 ಗಜ ಒದ್ದು 1938ರ ದಾಖಲೆಯನ್ನು ಮುರಿದರು. 93 ಪಂಟ್‌ಗಳು! ಅಯೋವಾದ ಆಕ್ರಮಣ ಅಷ್ಟು ಸೊರಗಿರದಿದ್ದರೆ ಅಷ್ಟು ಅವಕಾಶ ಯಾರಿಗೂ ಸಿಗುತ್ತಿರಲಿಲ್ಲ. ಟೇಲರ್ ನಿಜಕ್ಕೂ ಉತ್ತಮ ಪಂಟರ್. 2024ರಲ್ಲಿ ಶಿಕಾಗೊ ಬೇರ್ಸ್ ಅವರನ್ನು ನಾಲ್ಕನೆಯ ಸುತ್ತಿನಲ್ಲೇ ಆರಿಸಿತು. ಆದರೆ ಅವರ ಗುಣ ತಿಳಿಯಲು ಆ ಒಟ್ಟು ಮೊತ್ತ ನೆರವಾಗುವುದಿಲ್ಲ. ಎತ್ತರದ ಊರುಗಳದ್ದೂ ಇದೇ ಕಥೆ. ಅಮೆರಿಕದ ವೃತ್ತಿಪರ ಆಟದ ಅತಿ ಉದ್ದದ ಪಂಟ್ 98 ಗಜ. 1969ರಲ್ಲಿ ನ್ಯೂಯಾರ್ಕ್ ಜೆಟ್ಸ್‌ನ ಸ್ಟೀವ್ ಓನೀಲ್ ಅದನ್ನು ಒದ್ದದ್ದು ಸಮುದ್ರಮಟ್ಟದಿಂದ 1,600 ಮೀಟರ್ ಮೇಲಿನ ಡೆನ್ವರ್‌ನಲ್ಲಿ. ಅಲ್ಲಿನ ತೆಳು ಗಾಳಿ ಚೆಂಡನ್ನು ಕಡಿಮೆ ತಡೆಯುತ್ತದೆ. ಅದರ ಮೇಲೆ ಚೆಂಡು ಓಟಗಾರನ ತಲೆ ದಾಟಿ ಬಿದ್ದು ಬಹುದೂರ ಉರುಳಿತು.

ಹಾಗಾಗಿ ಆಯ್ಕೆಗಾರರ ಕೈಯಲ್ಲಿ ಸ್ಟಾಪ್‌ವಾಚ್ ಇರುತ್ತದೆ. ಪಾದ ತಾಗಿದ ಕ್ಷಣದಿಂದ ಚೆಂಡು ಕೆಳಗಿಳಿಯುವವರೆಗಿನ ಹೊತ್ತೇ ಹ್ಯಾಂಗ್ ಟೈಮ್. ಕ್ರಿಕೆಟ್‌ನಲ್ಲಿ ಮುಗಿಲೆತ್ತರ ಹೋದ ಚೆಂಡಿನ ಕೆಳಗೆ ಮೂವರು ಫೀಲ್ಡರ್‌ಗಳು ಓಡಿ ಬಂದು ನಿಲ್ಲುತ್ತಾರಲ್ಲ, ಆ ಹೊತ್ತನ್ನೇ ಪಂಟರ್ ತನ್ನ ಸಂಗಡಿಗರಿಗೆ ಗಳಿಸಿಕೊಡಬೇಕು. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ ನಾಲ್ಕು ಸೆಕೆಂಡು ಹಾರಾಡುವ ಚೆಂಡು ಸುಮಾರು 20 ಮೀಟರ್ ಏರಬೇಕು. ನಾಲ್ಕೂವರೆಗೆ 25, ಐದಕ್ಕೆ 31 ಮೀಟರ್. ಎತ್ತರ ಹೊತ್ತಿನ ವರ್ಗದಂತೆ ಬೆಳೆಯುವುದರಿಂದ ಕೊನೆಯ ಅರ್ಧ ಸೆಕೆಂಡು ಬಲು ದುಬಾರಿ. ದೂರವೊಂದೇ ಗುರಿಯಾಗಿದ್ದರೆ ಚೆಂಡು 45 ಡಿಗ್ರಿಯ ಆಸುಪಾಸಿನಲ್ಲಿ ಹೊರಡಬೇಕು. ಸಾಲಿನಿಂದ 45 ಗಜ ದೂರವೂ ನಾಲ್ಕೂವರೆ ಸೆಕೆಂಡೂ ಎರಡೂ ಬೇಕಿದ್ದರೆ ಕೋನ 60 ಡಿಗ್ರಿಯ ಸುತ್ತಮುತ್ತ ಇರಬೇಕಾಗುತ್ತದೆ. ದೂರದ ಹತ್ತನೇ ಒಂದರಷ್ಟಾದರೂ ಸೆಕೆಂಡು ಬರಬೇಕು, 45 ಗಜಕ್ಕೆ 4.5, ಎಂಬುದು ಬಲ್ಲವರ ಒರಟು ಅಳತೆಗೋಲು. ಇದರ ಹಿಂದೆ ಓಟದ ಲೆಕ್ಕವಿದೆ. ಅತಿ ವೇಗದ ಆಟಗಾರರು 40 ಗಜ ಓಡಲು ಸುಮಾರು 4.4 ಸೆಕೆಂಡು ತೆಗೆದುಕೊಳ್ಳುತ್ತಾರೆ. ಸರಾಸರಿ ಮಾತ್ರ 52 ಇದ್ದು ಚೆಂಡು 4.2 ಸೆಕೆಂಡಿಗೇ ಇಳಿದರೆ, ಎದುರಾಳಿ ಬಿಡುವಾಗಿ ಹಿಡಿದು ಹದಿನೈದು ಗಜ ಹಿಂದಿರುಗಿಸುತ್ತಾನೆ.

ರೇ ಗೈ ಹೆಸರು ಪ್ರಶಸ್ತಿಗೆ ಸುಮ್ಮನೆ ಬಂದಿಲ್ಲ. ಸದರ್ನ್ ಮಿಸಿಸಿಪ್ಪಿಯ ಈ ಪಂಟರ್‌ನನ್ನು 1973ರಲ್ಲಿ ಓಕ್ಲಂಡ್ ರೇಡರ್ಸ್ ಮೊದಲ ಸುತ್ತಿನಲ್ಲೇ, 23ನೆಯವನಾಗಿ ಆರಿಸಿತು. ವೃತ್ತಿಜೀವನದ ಸರಾಸರಿ 42.4 ಗಜ, ಇಂದಿನ ಸಾಧಾರಣ ಪಂಟರ್‌ಗಳೂ ಅದನ್ನು ಮೀರುತ್ತಾರೆ. ಆದರೂ 2014ರಲ್ಲಿ ವೃತ್ತಿಪರ ಫುಟ್‌ಬಾಲ್‌ನ ಹಾಲ್ ಆಫ್ ಫೇಮ್ ಸೇರಿದ ಮೊದಲ ಅಪ್ಪಟ ಪಂಟರ್ ಅವರೇ. ಅವರ ಒದೆತಗಳು ಎತ್ತರಕ್ಕೆ ಹೆಸರಾಗಿದ್ದವು. 1976ರಲ್ಲಿ ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್‌ನಲ್ಲಿ ಅವರ ಚೆಂಡು ಮೈದಾನದ ಮೇಲೆ ತೂಗುಬಿಟ್ಟಿದ್ದ ದೊಡ್ಡ ಪರದೆಗೇ ಬಡಿದಿತ್ತು.

ಕಾಲೇಜಿನ ಅಂಕಿಗಳನ್ನು ಓದುವಾಗ ಎಲ್ಲಕ್ಕಿಂತ ಹೆಚ್ಚು ಎಡವುವ ಜಾಗ ನಿಯಮಪುಸ್ತಕ. ಕಾಲೇಜಿನಲ್ಲಿ ಸ್ನ್ಯಾಪ್ ಆದ ಕೂಡಲೇ ಸಾಲಿನಲ್ಲಿರುವ ಎಲ್ಲರೂ ಓಟ ಕೀಳಬಹುದು. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಎರಡು ತುದಿಗಳ ಇಬ್ಬರಿಗೆ ಮಾತ್ರ ಆ ಸ್ವಾತಂತ್ರ್ಯ. ಉಳಿದವರು ಪಾದಕ್ಕೆ ಚೆಂಡು ತಾಗುವವರೆಗೆ ಸಾಲು ದಾಟುವಂತಿಲ್ಲ. ಸ್ನ್ಯಾಪ್‌ನಿಂದ ಒದೆತದವರೆಗೆ ಸುಮಾರು ಎರಡು ಸೆಕೆಂಡು. ಕಾಲೇಜಿನ ಪಂಟರ್‌ನ ಸಂಗಡಿಗರಿಗೆ ಆ ಎರಡು ಸೆಕೆಂಡು ಉಚಿತ. ಆದ್ದರಿಂದ ಅಲ್ಲಿ ಪಂಟರ್ ಪಕ್ಕಕ್ಕೆ ಓಡುತ್ತಾ ತಗ್ಗಿನಲ್ಲಿ ಒದ್ದರೂ ಸಂಗಡಿಗರು ಚೆಂಡಿನ ಬಳಿ ತಲುಪಿರುತ್ತಾರೆ. ಮೇಲಿನ ಹಂತದಲ್ಲಿ ಅದೇ ಒದೆತ ಎದುರಾಳಿಗೆ ಉಡುಗೊರೆಯಾಗುತ್ತದೆ.

ಮೆಲ್ಬರ್ನ್‌ನ ಟಾಮ್ ಹ್ಯಾಕೆಟ್ ಇದಕ್ಕೆ ಕಣ್ಣಿಗೆ ಕಟ್ಟುವ ಉದಾಹರಣೆ. ಯೂಟಾ ವಿಶ್ವವಿದ್ಯಾಲಯಕ್ಕೆ ಆಡಿ 2014 ಮತ್ತು 2015ರಲ್ಲಿ ರೇ ಗೈ ಪ್ರಶಸ್ತಿ ಗೆದ್ದರು. ಆಸ್ಟ್ರೇಲಿಯನ್ ಫುಟ್‌ಬಾಲ್‌ನಲ್ಲಿ ಓಡುತ್ತಲೇ ಒದೆಯುವುದು ಹುಟ್ಟಿನಿಂದ ಬಂದ ಅಭ್ಯಾಸ. ಆ ಓಡುಪಂಟ್ ಅಮೆರಿಕದ ಕಾಲೇಜುಗಳಲ್ಲಿ ಅವರನ್ನು ಮೆರೆಸಿತು. ಡ್ರಾಫ್ಟ್‌ನಲ್ಲಿ ಯಾವ ತಂಡವೂ ಅವರನ್ನು ಕರೆಯಲಿಲ್ಲ. ಅದೇ ನಾಡಿನ ಮೈಕೆಲ್ ಡಿಕ್ಸನ್ 2017ರಲ್ಲಿ ಟೆಕ್ಸಾಸ್ ಪರವಾಗಿ ಅದೇ ಪ್ರಶಸ್ತಿ ಗೆದ್ದಾಗ ಚಿತ್ರ ಬೇರೆಯಾಗಿತ್ತು. ಸುರುಳಿ ತಿರುಗುವ ಎತ್ತರದ ಒದೆತ, ನೆಲಕ್ಕೆ ಬಿದ್ದು ನಿಂತುಬಿಡುವಂತೆ ಹಿಮ್ಮುಖ ತಿರುಗುವ ಒದೆತ, ಓಡುಪಂಟ್, ಮೂರೂ ಅವರ ಕೈವಶದಲ್ಲಿದ್ದವು. ಸಿಯಾಟಲ್ ಸೀಹಾಕ್ಸ್ 2018ರಲ್ಲಿ ಅವರನ್ನು ಐದನೆಯ ಸುತ್ತಿನಲ್ಲಿ ಆರಿಸಿತು. ಮೊದಲ ವರ್ಷದಲ್ಲೇ ದೇಶದ ಶ್ರೇಷ್ಠರ ಪಟ್ಟಿ ಸೇರಿದರು. ಇಬ್ಬರಿಗೂ ಸಿಕ್ಕ ಪ್ರಶಸ್ತಿ ಒಂದೇ. ಬೇರೆ ನಿಯಮದಡಿ ಉಳಿಯಬಲ್ಲ ಒದೆತ ಯಾರ ಬಳಿ ಇದೆ ಎಂಬುದನ್ನು ಆ ಪ್ರಶಸ್ತಿ ಅಳೆಯುವುದಿಲ್ಲ.

ಇನ್ನು ಕೈ. ಪಂಟರ್‌ನನ್ನು ನೋಡುವಾಗ ಕಣ್ಣು ಸಹಜವಾಗಿ ಕಾಲಿನ ಮೇಲೆ ಹೋಗುತ್ತದೆ, ಆದರೆ ಒದೆತದ ಗತಿ ಬಹುಮಟ್ಟಿಗೆ ನಿರ್ಧಾರವಾಗುವುದು ಚೆಂಡನ್ನು ಬಿಡುವಾಗ. ಬಿಟ್ಟ ಚೆಂಡು ಪಾದ ಮುಟ್ಟುವ ಮುನ್ನ ಅರ್ಧ ಮೀಟರಿಗೂ ಹೆಚ್ಚು ಬೀಳುತ್ತದೆ. ಸೆಕೆಂಡಿನ ಮೂರನೇ ಒಂದು ಭಾಗದಷ್ಟು ಹೊತ್ತು ಅದು ಯಾರ ಹಿಡಿತದಲ್ಲೂ ಇರುವುದಿಲ್ಲ. ಆ ಹೊತ್ತಿನಲ್ಲಿ ಮೂತಿ ತುಸು ವಾಲಿದರೂ ಪಾದ ತಾಗುವ ಜಾಗ ಬದಲಾಗುತ್ತದೆ, ತಿರುಗು ಕೆಡುತ್ತದೆ, ಬಿಗಿಯಾಗಿ ತಿರುಗದ ಚೆಂಡು ಗಾಳಿಗೆ ಅಡ್ಡಲಾಗಿ ಹೊರಳಿ ಬೇಗ ಸೋಲುತ್ತದೆ. ಬಲವನ್ನು ತರಬೇತಿಯಿಂದ ಹೆಚ್ಚಿಸಬಹುದು. ಮಳೆ, ಚಳಿ, ಎದುರಿನಿಂದ ನುಗ್ಗಿ ಬರುವ ಆಳುಗಳ ನಡುವೆಯೂ ಪ್ರತಿ ಸಲ ಒಂದೇ ರೀತಿ ಕೈಬಿಡುವ ಗುಣವನ್ನು ನಾನು ಹೆಚ್ಚು ಬೆಲೆಯುಳ್ಳದ್ದೆಂದು ಎಣಿಸುತ್ತೇನೆ. ಅದೂ ಅವಸರದಲ್ಲಿ: ಚೆಂಡು ಕೈಸೇರಿದ ಮೇಲೆ ಅವನಿಗಿರುವುದು ಸುಮಾರು 1.3 ಸೆಕೆಂಡು. ಜೊತೆಗೆ, ಗೋಲಿಗೆ ಒದೆಯುವ ಕಿಕ್ಕರ್‌ಗೆ ಚೆಂಡನ್ನು ನೆಲದ ಮೇಲೆ ಹಿಡಿದು ನಿಲ್ಲಿಸುವ ಕೆಲಸವೂ ವೃತ್ತಿಪರ ತಂಡಗಳಲ್ಲಿ ಸಾಮಾನ್ಯವಾಗಿ ಪಂಟರ್‌ನದೇ. ಕೈ ಸರಿಯಿಲ್ಲದವನಿಗೆ ಕೆಲಸ ಸಿಗುವುದು ಕಷ್ಟ.

ಸಂಖ್ಯಾಶಾಸ್ತ್ರದ ಎಚ್ಚರವೂ ಬೇಕು. ಒಬ್ಬ ಪಂಟರ್‌ಗೆ ಋತುವೊಂದರಲ್ಲಿ ಅರುವತ್ತು ಪಂಟ್ ಸಿಕ್ಕವು, ಒದೆತದಿಂದ ಒದೆತಕ್ಕೆ ಏರಿಳಿತ ಒಂಬತ್ತು ಗಜದಷ್ಟಿದೆ ಎಂದುಕೊಳ್ಳೋಣ. ಆಗ ಸರಾಸರಿಯಲ್ಲೇ ಒಂದು ಗಜಕ್ಕೂ ಮಿಕ್ಕ ಅನಿಶ್ಚಿತತೆ ಉಳಿಯುತ್ತದೆ. 46ರವನು 44ರವನಿಗಿಂತ ಉತ್ತಮ ಎಂದು ಒಂದು ಋತುವನ್ನು ನೋಡಿ ಹೇಳಲಾಗದು.

ಹಾಗಾದರೆ ಆ ಎರಡು ಗಜ ನಿಜವೇ ಆಗಿದ್ದರೆ ಬೆಲೆಯೆಷ್ಟು? 1988ರಲ್ಲಿ ಬಂದ 'ದಿ ಹಿಡನ್ ಗೇಮ್ ಆಫ್ ಫುಟ್‌ಬಾಲ್' ಪುಸ್ತಕ ಮೈದಾನದ ಪ್ರತಿ ಜಾಗಕ್ಕೂ ಅಂಕ ಕಟ್ಟಿತು: ಸ್ವಂತ ಗೋಲು ಗೆರೆಯಲ್ಲಿ ಚೆಂಡಿದ್ದರೆ ಮೈನಸ್ ಎರಡು, ಎದುರಾಳಿಯ ಗೆರೆಯಲ್ಲಿ ಆರು. ನೂರು ಗಜಕ್ಕೆ ಎಂಟು ಅಂಕ. ಪ್ರತಿ ಪಂಟ್‌ಗೆ ನಿವ್ವಳ ಎರಡು ಗಜ ಹೆಚ್ಚು ಕೊಡುವವನು 65 ಪಂಟ್‌ಗಳಲ್ಲಿ 130 ಗಜ, ಅಂದರೆ ಸುಮಾರು ಹತ್ತು ಅಂಕ ತರುತ್ತಾನೆ. 17 ಪಂದ್ಯಗಳ ಇಡೀ ಋತುವಿಗೆ, ಗೆರೆ ದಾಟಿ ಗಳಿಸುವ ಒಂದು ಟಚ್‌ಡೌನ್, ಗೋಲಿಗೆ ಒದ್ದು ಗಳಿಸುವ ಒಂದು ಫೀಲ್ಡ್ ಗೋಲ್. ಕಡೆಗಣಿಸುವಂಥದ್ದಲ್ಲ, ಆದರೆ ಮೊದಲ ಸುತ್ತುಗಳ ಆಯ್ಕೆಯನ್ನು ಖರ್ಚು ಮಾಡುವಷ್ಟೂ ಅಲ್ಲ.

2012ರಲ್ಲಿ ಜ್ಯಾಕ್ಸನ್‌ವಿಲ್ ಜಾಗ್ವಾರ್ಸ್ 70ನೆಯ ಆಯ್ಕೆಯಲ್ಲಿ ಕ್ಯಾಲಿಫೋರ್ನಿಯಾದ ಬ್ರಯನ್ ಆಂಗರ್‌ರನ್ನು ಕರೆಯಿತು. ಐದು ಆಯ್ಕೆಗಳ ಬಳಿಕ ಸಿಯಾಟಲ್ ತಂಡ ರಸೆಲ್ ವಿಲ್ಸನ್ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು, ಅಂದರೆ ಪಾಸ್ ಎಸೆದು ಆಕ್ರಮಣ ನಡೆಸುವ ಆಟಗಾರನನ್ನು, ತೆಗೆದುಕೊಂಡು, ಅವನ ಎರಡನೆಯ ಋತುವಿನಲ್ಲೇ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದಿತು. ಆಂಗರ್ ಕೆಟ್ಟ ಪಂಟರ್ ಅಲ್ಲ. ದಶಕ ಕಳೆದ ಮೇಲೂ ಆಡುತ್ತಿದ್ದರು. ಅವರ ಬಗೆಗಿನ ಅಂದಾಜು ಸರಿಯಿತ್ತು, ಕೊಟ್ಟ ಬೆಲೆ ತಪ್ಪಿತ್ತು. ಅದೇ ವರ್ಷ ಆರೆಗಾನ್ ಸ್ಟೇಟ್‌ನ ಜಾನಿ ಹೆಕ್ಕರ್ ಏಳೂ ಸುತ್ತುಗಳಲ್ಲಿ ಯಾರಿಗೂ ಬೇಡವಾದರು. ಸೇಂಟ್ ಲೂಯಿಸ್ ರ್‍ಯಾಮ್ಸ್ ಡ್ರಾಫ್ಟ್ ಮುಗಿದ ಮೇಲೆ ಅವರನ್ನು ಸೇರಿಸಿಕೊಂಡಿತು. 2016ರಲ್ಲಿ ಹೆಕ್ಕರ್‌ರ ನಿವ್ವಳ ಸರಾಸರಿ 46 ಗಜ ಮುಟ್ಟಿತು, ನಾಲ್ಕು ಬಾರಿ ಅವರು ಶ್ರೇಷ್ಠರ ಮೊದಲ ತಂಡದಲ್ಲಿದ್ದರು. ಶಾಲೆಯಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದ ಅವರು ಪಂಟ್ ಮಾಡುವಂತೆ ನಟಿಸಿ ಪಾಸ್ ಎಸೆಯುತ್ತಿದ್ದುದರಿಂದ ಎದುರಾಳಿಗಳು ಪೂರ್ತಿ ನುಗ್ಗಲು ಹೆದರುತ್ತಿದ್ದರು. ಆ ಹೆದರಿಕೆಯಿಂದ ದೊರೆತ ಬಿಡುವನ್ನು ದಾಖಲಿಸಲು ಕಾಲೇಜಿನ ಅಂಕಿಅಂಶದ ಹಾಳೆಯಲ್ಲಿ ಯಾವ ಕಾಲಮ್ಮೂ ಇರಲಿಲ್ಲ.