ಬಿಸುಟ ಪ್ಲಾಸ್ಟಿಕ್ಕಿನ ಪುನರ್ಬಳಕೆ : ಸಣ್ಣ ಉದ್ಯಮಗಳ ಚಕ್ರೀಯ ನಿರ್ವಹಣೆ

ಹೊಲದ ಕಣಿಕೆ ದನಕ್ಕೆ, ದನದ ಸಗಣಿ ತಿಪ್ಪೆಗೆ, ತಿಪ್ಪೆಯ ಗೊಬ್ಬರ ಮರಳಿ ಹೊಲಕ್ಕೆ. ಇದು ನಮ್ಮ ಒಕ್ಕಲುತನ ಬಲ್ಲ ಹಳೆಯ ಚಕ್ರ. ಬಳಸಿದ ವಸ್ತುವನ್ನು ಬಿಸುಡದೆ ಮತ್ತೆ ಉತ್ಪಾದನೆಗೆ ತರುವ ಈ ಕ್ರಮವನ್ನೇ ಇಂದು ‘ಚಕ್ರೀಯ ಅರ್ಥವ್ಯವಸ್ಥೆ’ ಎನ್ನುತ್ತಾರೆ. ಪ್ಲಾಸ್ಟಿಕ್ ಮಾತ್ರ ಸಗಣಿಯಂತೆ ಮಣ್ಣಿನಲ್ಲಿ ಕೊಳೆಯದು. ಅದರ ಚಕ್ರವನ್ನು ಮನುಷ್ಯನೇ ತಿರುಗಿಸಬೇಕಾಗಿದೆ.

ವಿಜಯಪುರ ನಗರದಲ್ಲಿ ನೀರಿನ ಬಾಟಲಿ, ಹಾಲಿನ ಚೀಲ, ಒಡೆದ ಬಕೆಟ್ಟುಗಳು ಕಸವಾಗುತ್ತವೆ. ತಿಕೋಟಾ, ಬಬಲೇಶ್ವರಗಳ ದ್ರಾಕ್ಷಿ ತೋಟಗಳಲ್ಲಿ ಬಿಸಿಲಿಗೆ ಬಿರುಕುಬಿಟ್ಟ, ಉಪ್ಪುಗಟ್ಟಿದ ಹನಿ ನೀರಾವರಿಯ ಕರಿಯ ಕೊಳವೆಗಳು ಬದುವಿನ ಮೇಲೆ ಬೀಳುತ್ತವೆ. ಅವನ್ನು ಸುಟ್ಟರೆ ವಿಷಕಾರಿ ಹೊಗೆ. ಗುಜರಿಗೆ ಕೊಟ್ಟರೆ ಕಚ್ಚಾ ಸಾಮಗ್ರಿ.

ಸಣ್ಣ ಘಟಕದಲ್ಲಿ ಇವನ್ನು ಬೇರ್ಪಡಿಸಿ, ಪುಡಿಮಾಡಿ, ತೊಳೆದು, ಒಣಗಿಸಿ, ಕರಗಿಸಿ ಕಾಳಿನಾಕಾರದ ಹರಳುಗಳನ್ನಾಗಿ ಮಾಡುತ್ತಾರೆ. ಈ ಕಾರ್ಯಗಳಲ್ಲಿ ಮೊದಲನೆಯದೇ ಪ್ರಧಾನವಾದುದು. ವಸ್ತುವಿನ ಮೇಲೆ ತ್ರಿಕೋನದೊಳಗಿನ ಅಂಕಿ ಅದರ ಜಾತಿಯನ್ನು ಹೇಳುತ್ತದೆ: 1 ಪೆಟ್, 2 ಮತ್ತು 4 ಪಾಲಿಥಿನ್, 3 ಪಿ.ವಿ.ಸಿ., 5 ಪಾಲಿಪ್ರೊಪಿಲೀನ್. ಅಂಕಿ ಅಳಿಸಿದ್ದರೆ ನೀರೇ ಪರೀಕ್ಷಕ. ಪಾಲಿಥಿನ್, ಪಾಲಿಪ್ರೊಪಿಲೀನ್‌ಗಳು ಸಾಮಾನ್ಯವಾಗಿ ತೇಲುತ್ತವೆ, ಪೆಟ್, ಪಿ.ವಿ.ಸಿ.ಗಳು ಮುಳುಗುತ್ತವೆ. ಮುಳುಗಿದ ಇವೆರಡನ್ನು ಕಣ್ಣಿನಿಂದಲೇ ಆರಿಸಬೇಕು. ಪೆಟ್ ಕರಗುವ ಕಾವಿನಲ್ಲಿ ಪಿ.ವಿ.ಸಿ. ವಿಘಟನೆಗೊಂಡು ಆಮ್ಲವನ್ನು ಬಿಡುವುದರಿಂದ, ಅದರ ಅಲ್ಪಾಂಶವೂ ಇಡೀ ರಾಶಿಯನ್ನು ಕೆಡಿಸಬಲ್ಲದು.

ಲಾಭನಷ್ಟಗಳ ನಿರ್ಣಯವೂ ಇಲ್ಲಿಯೇ. ಕಿಲೋಗೆ 20 ರೂಪಾಯಿಯಂತೆ 100 ಕಿಲೋ ಕೊಂಡು, ಅದರಲ್ಲಿ 20 ಕಿಲೋ ಮಣ್ಣು, ತೇವಾಂಶಗಳೇ ಇದ್ದುವೆಂದಿಟ್ಟುಕೊಳ್ಳೋಣ. ಆಗ ನಿಜವಾದ ದರ 25 ರೂಪಾಯಿಯಾಯಿತು. ಆದುದರಿಂದ ಕೊಂಡ ತೂಕ, ತೊಳೆದ ನಂತರದ ತೂಕ, ಹರಳಿನ ತೂಕ ಈ ಮೂರನ್ನೂ ದಿನದಿನವೂ ಬರೆದಿಡುವುದು ನಿರ್ವಹಣೆಯ ಮೊದಲ ಪಾಠ. ಬರಪೀಡಿತವಾದ ನಮ್ಮ ಜಿಲ್ಲೆಯಲ್ಲಿ ನೀರಿನ ಲೆಕ್ಕವೂ ಅಷ್ಟೇ ಮುಖ್ಯ. ತೊಳೆದ ನೀರನ್ನು ಸಾಲುತೊಟ್ಟಿಗಳಲ್ಲಿ ತಿಳಿಗೊಳಿಸಿ ಮತ್ತೆ ಬಳಸದ ಘಟಕವು ಪ್ಲಾಸ್ಟಿಕ್ಕಿನ ಚಕ್ರವನ್ನು ಕೂಡಿಸಲು ಹೋಗಿ ನೀರಿನ ಚಕ್ರವನ್ನು ಮುರಿದಂತೆ.

ಈ ಚಕ್ರಕ್ಕೆ ಮಿತಿಯೂ ಉಂಟು. ಬಿಸಿಲು ಮತ್ತು ಮರುಕರಗಿಸುವಿಕೆಗಳಿಂದ ಪ್ಲಾಸ್ಟಿಕ್ಕಿನ ಬಲ ಕುಂದುತ್ತದೆ. ಹಳೆಯ ಹನಿ ಕೊಳವೆ ತಂತಿ ಹಾಯಿಸುವ ಕೊಳವೆಯಾಗಬಹುದು, ಬುಟ್ಟಿಯಾಗಬಹುದು. ಬೆರಕೆಯಾದುದು ಅದಕ್ಕೂ ಸಲ್ಲದು. ಆದುದರಿಂದಲೇ ಬಳಕೆಯನ್ನು ಕಡಿಮೆಮಾಡುವುದು ಪುನರ್ಬಳಕೆಗಿಂತ ಮೊದಲಿನ ಕರ್ತವ್ಯ. 1 ಜುಲೈ 2022ರಿಂದ ಒಮ್ಮೆ ಬಳಸಿ ಎಸೆಯುವ ಕೆಲವು ವಸ್ತುಗಳು ದೇಶದಲ್ಲೆಲ್ಲ ನಿಷಿದ್ಧವಾಗಿವೆ. ಅದೇ ವರ್ಷದ ನಿಯಮಗಳಂತೆ ಪ್ಲಾಸ್ಟಿಕ್ ಹೊದಿಕೆಯ ಉತ್ಪಾದಕರು ಅದರ ಮರುಸಂಸ್ಕರಣೆಯ ಹೊಣೆ ಹೊರಬೇಕು. ಅದಕ್ಕೆ ನೋಂದಾಯಿತ ಘಟಕಗಳ ಪ್ರಮಾಣಪತ್ರ ಬೇಕು. ನೋಂದಣಿಯಿಲ್ಲದ ಸಣ್ಣ ಉದ್ಯಮಿಗೆ ಈ ಆದಾಯ ದೊರೆಯದು.

ಹಾಗಾದರೆ ಯಂತ್ರವಿಲ್ಲದ ನಮ್ಮ ಪಾಲಿನ ಕೆಲಸವೇನು? ಚಕ್ರವು ಆರಂಭವಾಗುವುದು ಕಾರ್ಖಾನೆಯಲ್ಲಲ್ಲ, ಬಿಸುಡುವ ಕೈಯಲ್ಲಿ. ತೋಟದ ಕೊಳವೆಯನ್ನು ಮಣ್ಣು ಕೊಡವಿ ಸುತ್ತಿಡುವ ರೈತನೂ, ಎರಡು ಬುಟ್ಟಿಗಳಲ್ಲಿ ಕಸ ಬೇರ್ಪಡಿಸುವ ವಿದ್ಯಾರ್ಥಿಯೂ ಆ ಉದ್ಯಮದ ಪಾಲುದಾರರೇ ಸರಿ. ಚಿಂದಿ ಆಯುವ ಬರಿಗೈಗಳು ನಮ್ಮ ಹೊಲಸಿನಲ್ಲಿ ಕೆದಕಬೇಕಾದ ಸ್ಥಿತಿಯೂ ಇದರಿಂದ ತಪ್ಪೀತು. ಶಿಕ್ಷಕರು ಇದನ್ನು ತರಗತಿಯಲ್ಲಿಯೂ, ಹಳೆಯ ವಿದ್ಯಾರ್ಥಿಗಳು ತಂತಮ್ಮ ತೋಟಗಳಲ್ಲಿಯೂ, ದಾನಿಗಳು ತಮ್ಮ ಅಂಗಡಿ ಕಚೇರಿಗಳಲ್ಲಿಯೂ ಆಚರಣೆಗೆ ತರುವರೆಂದು ಆಶಿಸೋಣ.