ವಾಣಿಜ್ಯ ವಿದ್ಯಾರ್ಥಿಯ ನಿತ್ಯಜೀವನ: ಒಂದು ಜಮಾ-ಖರ್ಚು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಪ್ರೀತಿಯಿಂದ ಕೇಳಿದರು. ಶಾಲೆಯ ಇತಿಹಾಸವನ್ನು ನನಗಿಂತ ಚೆನ್ನಾಗಿ ಬರೆಯುವವರು ಇದ್ದಾರೆ. ಆದ್ದರಿಂದ ಬಹುದಿನಗಳಿಂದ ನನ್ನ ಮನಸ್ಸಿನಲ್ಲಿ ಉಳಿದಿರುವ ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ನಮ್ಮ ಶಾಲೆಯಲ್ಲಿ ಅಕ್ಷರ ಕಲಿತು, ಮುಂದೆ ವಾಣಿಜ್ಯ ಶಾಖೆಗೆ ಹೋಗುವ ಮಕ್ಕಳು ತಮ್ಮ ದಿನನಿತ್ಯದ ಬದುಕಿನಲ್ಲಿ ಸಮತೋಲನವನ್ನೂ ಸಂತೋಷವನ್ನೂ ಹೇಗೆ ಉಳಿಸಿಕೊಳ್ಳಬೇಕು ಎಂಬುದೇ ಆ ವಿಷಯ. ನಾನು ಕನ್ನಡ ಮಾಧ್ಯಮದಲ್ಲಿ ಮ್ಯಾಟ್ರಿಕ್ ಮುಗಿಸಿ, ಶಿಕ್ಷಕ ತರಬೇತಿ ಪಡೆದು, ಗಣಿತ ಕಲಿಸಿದವನು. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಆದರೆ ಶಾಲೆಯ ಕಿರ್ದಿ ಪುಸ್ತಕವನ್ನು ಅನೇಕ ವರ್ಷ ನಾನೇ ಬರೆದಿದ್ದೇನೆ. ಆ ಅನುಭವ ಮತ್ತು ನನ್ನಿಂದ ಆದ ಒಂದು ತಪ್ಪು, ಇವೆರಡೇ ಈ ಲೇಖನಕ್ಕೆ ನನ್ನ ಅಧಿಕಾರ.

ಸಮಡೋಳಿಯಿಂದ ಸಾಂಗಲಿಗೆ

ನಮ್ಮದು ವಾರಣಾ ದಂಡೆಯ ಒಕ್ಕಲುತನದ ನಾಡು. ಆದರೂ ವ್ಯಾಪಾರದ ಗಾಳಿ ನಮಗೆ ಹೊಸದಲ್ಲ. ಸಾಂಗಲಿಯ ಅರಿಷಿಣದ ಪೇಟೆ ದೇಶಕ್ಕೆಲ್ಲ ಗೊತ್ತಿರುವಂಥದು. 2018ರಲ್ಲಿ ಸಾಂಗಲಿಯ ಅರಿಷಿಣಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಇಂಥ ಪೇಟೆಯ ನೆರೆಯಲ್ಲಿ ಬೆಳೆದ ಮಕ್ಕಳಿಗೆ ಲೆಕ್ಕಪತ್ರದ ವಿದ್ಯೆ ಸಹಜವಾಗಿಯೇ ಆಕರ್ಷಕವಾಗುತ್ತದೆ. 1960ರಲ್ಲಿ ಸಾಂಗಲಿಯಲ್ಲಿ ಚಿಂತಾಮಣರಾವ ವಾಣಿಜ್ಯ ಕಾಲೇಜು ಆರಂಭವಾಯಿತು. 1962ರಲ್ಲಿ ಕೊಲ್ಹಾಪುರದಲ್ಲಿ ಶಿವಾಜಿ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅಂದಿನಿಂದ ಈ ಭಾಗದ ಹಳ್ಳಿಯ ಹುಡುಗರಿಗೆ, ತರುವಾಯ ಹುಡುಗಿಯರಿಗೆ, ಬಿ.ಕಾಂ. ಎಂಬುದು ಕೈಗೆಟುಕುವ ಪದವಿಯಾಯಿತು. ಇಂದು ಅವರಲ್ಲಿ ಹಲವರು ಪುಣೆ, ಬೆಳಗಾವಿ, ಬೆಂಗಳೂರುಗಳಿಗೆ ಹೋಗಿ ಎಂ.ಬಿ.ಎ., ಸಿ.ಎ. ಓದುತ್ತಾರೆ.

ನಮ್ಮ ಮಕ್ಕಳ ಕಷ್ಟ ಉಳಿದವರಿಗಿಂತ ತುಸು ಬೇರೆ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮತ್ತು ಪೇಟೆಯಲ್ಲಿ ಮರಾಠಿ, ಕಾಲೇಜಿನ ಪುಸ್ತಕದಲ್ಲಿ ಇಂಗ್ಲಿಷ್. ನಾವು ‘ಶಿಲ್ಕು’ ಎಂದು ಕಲಿಸಿದ್ದನ್ನು ಅಲ್ಲಿ ‘ಬ್ಯಾಲೆನ್ಸ್’ ಎನ್ನುತ್ತಾರೆ. ವಿಷಯ ತಿಳಿದಿದ್ದರೂ ಮಾತಿಗೆ ತಡವರಿಸುವ ಹುಡುಗನು ತನ್ನನ್ನು ದಡ್ಡನೆಂದು ಭಾವಿಸತೊಡಗುತ್ತಾನೆ. ಆ ಕೊರತೆಯನ್ನು ತುಂಬಲು ನಿದ್ದೆ, ಊಟ, ಆಟ, ಗೆಳೆತನ ಇವೆಲ್ಲವನ್ನೂ ಒಂದೊಂದಾಗಿ ಬಿಡುತ್ತಾನೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಒಬ್ಬ ವಿದ್ಯಾರ್ಥಿಯ ಕಥೆ

ಹೆಸರು ಹೇಳುವುದಿಲ್ಲ. ಆತನ ತಂದೆ ಸಾಂಗಲಿಯ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ ಮಾಡುತ್ತಿದ್ದರು. ಹುಡುಗ ಬಾಯಿಲೆಕ್ಕದಲ್ಲಿ ಬಹಳ ಚುರುಕು. ಸಂಜೆ ಭಜನಾ ಮೇಳದಲ್ಲಿ ತಬಲಾ ಬಾರಿಸುತ್ತಿದ್ದನು. ಆತನ ತಂದೆಗೆ, “ಇವನ್ನ ದೊಡ್ಡ ಲೆಕ್ಕ ಪರಿಶೋಧಕನ್ನ ಮಾಡ್ರಿ, ನಾ ಹೇಳ್ತೀನಿ” ಎಂದು ಒತ್ತಿ ಹೇಳಿದವನು ನಾನೇ. ಹುಡುಗ ಬಿ.ಕಾಂ.ದಲ್ಲಿ ಪ್ರಥಮ ದರ್ಜೆ ಪಡೆದು, ಸಿ.ಎ. ತರಬೇತಿಗೆಂದು ಪುಣೆಗೆ ಹೋದನು. ಮೊದಲು ಪ್ರತಿ ಹಬ್ಬಕ್ಕೆ ಊರಿಗೆ ಬರುತ್ತಿದ್ದನು. ಪರೀಕ್ಷೆಯಲ್ಲಿ ಒಮ್ಮೆ ಹಿಂದೆ ಬಿದ್ದನು, ಎರಡನೆಯ ಸಲ ಬಿದ್ದನು, ಮೂರನೆಯ ಸಲವೂ ಬಿದ್ದನು. ಆ ವರ್ಷ ದೀಪಾವಳಿಗೆ ಬರಲಿಲ್ಲ. ಮರುವರ್ಷದ ಯುಗಾದಿಗೂ ಬರಲಿಲ್ಲ.

1998ರ ಸುಮಾರಿಗೆ ಬೇರೊಂದು ಕೆಲಸಕ್ಕೆ ಪುಣೆಗೆ ಹೋದವನು ಆತನ ಕೋಣೆಯನ್ನು ಹುಡುಕಿಕೊಂಡು ಹೋದೆನು. ಗೋಡೆಯ ಮೇಲೆ ಒಂದು ವೇಳಾಪತ್ರಿಕೆ ಅಂಟಿಸಿದ್ದನು. ನಸುಕಿನ ನಾಲ್ಕರಿಂದ ರಾತ್ರಿ ಹನ್ನೆರಡರವರೆಗೆ ಪ್ರತಿ ಗಂಟೆಗೂ ಒಂದೊಂದು ವಿಷಯದ ಹೆಸರಿತ್ತು. ಊಟಕ್ಕೆಂದು ಅದರಲ್ಲಿ ಎಲ್ಲಿಯೂ ಸ್ಥಳವಿರಲಿಲ್ಲ. ಹುಡುಗ ಅರ್ಧಕ್ಕೆ ಇಳಿದುಹೋಗಿದ್ದನು. “ಯಾಕೋ ತಮ್ಮಾ, ಊರಿಗೆ ಯಾಕ ಬರವೊಲ್ಲಿ?” ಎಂದು ಕೇಳಿದೆನು. ಬಹಳ ಹೊತ್ತು ಸುಮ್ಮನಿದ್ದು, “ಸರ, ಊರಿಗೆ ಬಂದ್ರ ಎಲ್ಲಾರೂ ಒಂದ ಕೇಳ್ತಾರ್ರಿ, ಪಾಸಾದಿಯೇನು ಅಂತ. ನೀವೂ ಅದನ್ನ ಕೇಳ್ತೀರಿ” ಎಂದನು. ತಲೆದಿಂಬಿನ ಕೆಳಗಿನಿಂದ ನಾನು ಬರೆದ ಕಾರ್ಡುಗಳನ್ನು ತೆಗೆದು ತೋರಿಸಿದನು. ಏಳು ಕಾರ್ಡುಗಳಿದ್ದವು. ಏಳರಲ್ಲಿಯೂ ನಾನು ಕೇಳಿದ್ದು ಫಲಿತಾಂಶವೊಂದನ್ನೇ. ಊಟ ಮಾಡಿದೆಯಾ, ಮೈಯಲ್ಲಿ ಆರಾಮವೇ, ತಬಲಾ ಬಾರಿಸುತ್ತೀಯಾ ಎಂದು ಒಂದರಲ್ಲಿಯೂ ಕೇಳಿರಲಿಲ್ಲ. ನನಗೆ ಆ ದಿನ ಆದ ನಾಚಿಕೆ ಇಂದಿಗೂ ಇದೆ.

ತಾಳೆಯ ಅರ್ಥ

ಲೆಕ್ಕಶಾಸ್ತ್ರದ ಮೊದಲ ಪಾಠವನ್ನೇ ನಾವಿಬ್ಬರೂ ಮರೆತಿದ್ದೆವು. 1494ರಲ್ಲಿ ವೆನಿಸ್ ನಗರದಲ್ಲಿ ಲೂಕಾ ಪಾಚೋಲಿ ಎಂಬ ಗಣಿತದ ಗುರು ಅಚ್ಚು ಹಾಕಿಸಿದ ಗ್ರಂಥದಲ್ಲಿ, ಅಲ್ಲಿಯ ವರ್ತಕರು ಮೊದಲಿನಿಂದ ಬಳಸುತ್ತಿದ್ದ ಜೋಡು ನಮೂದು ಪದ್ಧತಿಯನ್ನು ವಿವರಿಸಿದ್ದಾನೆ. ಪ್ರತಿಯೊಂದು ವ್ಯವಹಾರವನ್ನೂ ಎರಡು ಕಡೆ ಬರೆಯಬೇಕು. ಒಂದು ಖಾತೆಗೆ ಬಂದದ್ದು ಇನ್ನೊಂದು ಖಾತೆಯಿಂದ ಹೋಗಿರಲೇಬೇಕು. ಎರಡೂ ಬದಿಯ ಮೊತ್ತ ಸರಿಹೊಂದಿದರೆ ತಾಳೆ ಬಿತ್ತು ಎನ್ನುತ್ತೇವೆ. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಮೊತ್ತ ದೊಡ್ಡದಿದ್ದ ಮಾತ್ರಕ್ಕೆ ತಾಳೆ ಬೀಳುವುದಿಲ್ಲ. ಚಹಾದ ಅಂಗಡಿಯ ಲೆಕ್ಕವೂ ತಾಳೆಯಾಗುತ್ತದೆ, ಸಕ್ಕರೆ ಕಾರಖಾನೆಯ ಲೆಕ್ಕವೂ ತಾಳೆಯಾಗುತ್ತದೆ. ಎರಡೂ ಬದಿಯನ್ನು ಆಯಾ ದಿನವೇ ಪ್ರಾಮಾಣಿಕವಾಗಿ ಬರೆಯಬೇಕು, ಅಷ್ಟೇ.

ಮೂರು ತಾಸು ಹೆಚ್ಚು ಓದಿದೆನೆಂದು ವಿದ್ಯಾರ್ಥಿ ಜಮಾ ಬದಿಗೆ ಬರೆಯುತ್ತಾನೆ. ಆ ಮೂರು ತಾಸು ಎಲ್ಲಿಂದ ಬಂತು? ನಿದ್ದೆಯಿಂದ ಬಂತು. ಅದನ್ನು ಖರ್ಚಿನ ಬದಿಗೆ ಬರೆಯುವುದಿಲ್ಲ. ಹೀಗೆ ಬರೆಯದೆ ಬಿಟ್ಟ ಖರ್ಚೆಲ್ಲ ಕೂಡಿಕೊಂಡು ಒಂದು ದಿನ ಸಾಲದಂತೆ ಎದುರು ನಿಲ್ಲುತ್ತದೆ. ಜೀವನದ ಸಮತೋಲನವೆಂದರೆ ಕಡಿಮೆ ಓದುವುದಲ್ಲ. ಎರಡೂ ಬದಿಯನ್ನು ಬರೆದು ನೋಡುವುದು.

ದಿನದ ಕಿರ್ದಿಯಲ್ಲಿ ಇರಬೇಕಾದ ನಮೂದುಗಳು

ಮೊದಲನೆಯದು ನಿದ್ದೆ ಮತ್ತು ಊಟ. ಹದಿನೆಂಟು ದಾಟಿದವರಿಗೆ ರಾತ್ರಿ ಏಳು ತಾಸಿಗೆ ಕಡಿಮೆಯಿಲ್ಲದ ನಿದ್ದೆ ಬೇಕೆಂದು ವೈದ್ಯರು ಹೇಳುತ್ತಾರೆ. ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿಯೇ. ನಿದ್ದೆಗೆಟ್ಟು ಓದಿದವನು ಸೋರುವ ಕೊಡಕ್ಕೆ ನೀರು ಸೇದಿದಂತೆ.

ಎರಡನೆಯದು ಓದಿನ ಅಳತೆ. ನಮ್ಮ ಕಡೆಯ ಜೈನ ಮನೆಗಳಲ್ಲಿ ಹಿರಿಯರು ಸಾಮಾಯಿಕಕ್ಕೆ ಕುಳಿತುಕೊಳ್ಳುವುದನ್ನು ನೀವು ಕಂಡಿದ್ದೀರಿ. ಎರಡು ಘಳಿಗೆ, ಅಂದರೆ 48 ನಿಮಿಷ, ಮನಸ್ಸನ್ನು ಸಮಸ್ಥಿತಿಯಲ್ಲಿಟ್ಟು ಕೂಡುವ ಕ್ರಮವದು. ಓದಿಗೂ ಈ ಅಳತೆ ಒಳ್ಳೆಯದೆಂದು ನನ್ನ ಅನುಭವ. 48 ನಿಮಿಷ ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು ಒಂದೇ ವಿಷಯವನ್ನು ಓದಿ, ಬಳಿಕ ಎದ್ದು ಹತ್ತು ನಿಮಿಷ ಅಡ್ಡಾಡಬೇಕು. ಇಂಥ ಆರು ಬೈಠಕ್ಕುಗಳು ಹದಿನಾರು ತಾಸಿನ ಹೆಸರಿನ ಓದಿಗಿಂತ ಹೆಚ್ಚು ಫಲ ಕೊಡುತ್ತವೆ.

ಮೂರನೆಯದು ಜನರ ಸಂಗ. ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯದವರು 1938ರಲ್ಲಿ ಕೆಲವು ನೂರು ಯುವಕರ ಜೀವನವನ್ನು ಅಭ್ಯಸಿಸತೊಡಗಿ, ಎಂಟು ದಶಕಗಳಿಗೂ ಹೆಚ್ಚು ಕಾಲ ಅದನ್ನು ಮುಂದುವರಿಸಿದ್ದಾರೆ. ಹಣ, ಹೆಸರುಗಳಿಗಿಂತ ಹೆಚ್ಚಾಗಿ, ಆಪ್ತವಾದ ಸಂಬಂಧಗಳೇ ಮನುಷ್ಯನನ್ನು ಆರೋಗ್ಯದಲ್ಲಿಯೂ ಸಂತೋಷದಲ್ಲಿಯೂ ಇಡುತ್ತವೆ ಎಂಬುದು ಅವರು ಕಂಡುಕೊಂಡ ಮುಖ್ಯ ಸಂಗತಿ. ಪರಸ್ಥಳದಲ್ಲಿರುವ ನಮ್ಮ ವಿದ್ಯಾರ್ಥಿಗೆ ವಾರಕ್ಕೊಮ್ಮೆಯಾದರೂ ಕನ್ನಡದಲ್ಲಿ ಮನಬಿಚ್ಚಿ ಮಾತನಾಡಲು ಒಬ್ಬರಿರಬೇಕು. ಮನೆಯ ಮಾತಿನಲ್ಲಿ ದುಃಖವನ್ನು ಹೇಳಿಕೊಂಡಷ್ಟು ಹಗುರ ಬೇರೆ ಮಾತಿನಲ್ಲಿ ಆಗುವುದಿಲ್ಲ.

ನಾಲ್ಕನೆಯದು ಅಂಕ ಬಾರದ ಒಂದು ಕೆಲಸ. ತಬಲಾ, ಕಬಡ್ಡಿ, ತೋಟದ ಕೆಲಸ, ಯಾವುದಾದರೂ ಸರಿ. ಸೋಲು-ಗೆಲುವಿನ ಹಂಗಿಲ್ಲದೆ ಮನಸ್ಸು ಅರಳುವ ಅರ್ಧ ತಾಸು ದಿನಕ್ಕೊಮ್ಮೆ ಬೇಕು.

ಒಂದೇ ಹಗೇವು

ಸಾಂಗಲಿಯ ನೆರೆಯ ಹರಿಪುರ, ಸಾಂಗಲವಾಡಿಗಳಲ್ಲಿ ಅರಿಷಿಣವನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿಡುವ ಪದ್ಧತಿಯಿತ್ತು. ಗಾಳಿಯಾಡದ ಆ ಮಣ್ಣಿನಲ್ಲಿ ಅರಿಷಿಣಕ್ಕೆ ಹುಳ ಹತ್ತದೆ ವರ್ಷಗಟ್ಟಲೆ ಉಳಿಯುತ್ತಿತ್ತು. 2005ರ ಮಹಾಪೂರದಲ್ಲಿ ಕೃಷ್ಣೆಯ ನೀರು ಆ ಹಗೇವುಗಳಿಗೆ ನುಗ್ಗಿ ಅಪಾರ ಹಾನಿಯಾಯಿತು. ಎಲ್ಲ ಮಾಲನ್ನೂ ಒಂದೇ ಕಡೆಗೆ ಇಡಬಾರದೆಂಬುದು ವ್ಯಾಪಾರಿಗೆ ತಿಳಿದ ಮಾತು. ತನ್ನ ಎಲ್ಲ ಸಂತೋಷವನ್ನೂ ಫಲಿತಾಂಶವೆಂಬ ಒಂದೇ ಹಗೇವಿನಲ್ಲಿ ತುಂಬಿಡುವ ವಿದ್ಯಾರ್ಥಿಗೆ ಮಾತ್ರ ಇದನ್ನು ಯಾರೂ ಹೇಳುವುದಿಲ್ಲ.

ಸಿ.ಎ. ಪರೀಕ್ಷೆಯ ನಿಯಮವನ್ನೇ ನೋಡಿರಿ. ಪ್ರತಿ ವಿಷಯದಲ್ಲಿ ನೂರಕ್ಕೆ ನಲವತ್ತು ಅಂಕ ಬಂದರೆ ಸಾಲದು. ಗುಂಪಿನ ಒಟ್ಟು ಮೊತ್ತ ನೂರಕ್ಕೆ ಐವತ್ತಾಗಬೇಕು. ಬರೆದವರಲ್ಲಿ ಹೆಚ್ಚಿನವರು ಒಂದೇ ಯತ್ನದಲ್ಲಿ ಪಾರಾಗುವುದಿಲ್ಲ. ಆದ್ದರಿಂದ ಒಮ್ಮೆ ಬೀಳುವುದು ಆ ಪರೀಕ್ಷೆಯ ಸ್ವಭಾವವೇ ಹೊರತು ವಿದ್ಯಾರ್ಥಿಯ ಅವಮಾನವಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣದಿಂದ ಭೂಮಿ ಕೆಡುತ್ತದೆಂದು ಹೆದರಿ ರೈತರು ಕೊಳ್ಳಲಿಲ್ಲ. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಅವರೇ 1910ರಲ್ಲಿ ನಮ್ಮ ಈಗಿನ ಸಾಂಗಲಿ ಜಿಲ್ಲೆಯ ಬರಡು ನೆಲದಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಮಾರದೆ ನಿಂತ ನೇಗಿಲುಗಳನ್ನು ನೋಡುತ್ತ ಎರಡು ವರ್ಷ ತಾಳ್ಮೆಯಿಂದ ಇದ್ದುದು ಅವರ ಬದುಕಿನ ಸಣ್ಣ ಸಾಧನೆಯಲ್ಲ.

ಎಷ್ಟು ಬೇಕು ಎಂಬ ಪ್ರಶ್ನೆ

ವಾಣಿಜ್ಯ ಓದುವವರಿಗೆ ಇನ್ನೊಂದು ಅಪಾಯವಿದೆ. ‘ಹೆಚ್ಚು’ ಎಂಬುದನ್ನು ಕಲಿಸುವ ಪಾಠಗಳು ಬಹಳ. ‘ಸಾಕು’ ಎಂಬುದನ್ನು ಕಲಿಸುವ ಪಾಠ ಇಲ್ಲ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಪ್ರಾಧ್ಯಾಪಕ ಕ್ಲೇಟನ್ ಕ್ರಿಸ್ಟೆನ್ಸನ್ ಅವರು 2010ರಲ್ಲಿ ತಮ್ಮ ವಿದ್ಯಾರ್ಥಿಗಳಿಗೆ ಇದನ್ನೇ ಎಚ್ಚರಿಸಿ ಹೇಳಿದರು. ಅವರ ಸಹಪಾಠಿಗಳಲ್ಲಿ ಒಬ್ಬನಾದ ಜೆಫ್ ಸ್ಕಿಲಿಂಗ್ ಮುಂದೆ ಎನ್ರಾನ್ ಕಂಪನಿಯ ಮುಖ್ಯಸ್ಥನಾದನು. 2001ರಲ್ಲಿ ಸುಳ್ಳು ಲೆಕ್ಕಗಳಿಂದ ಆ ಕಂಪನಿ ಕುಸಿಯಿತು. 2006ರಲ್ಲಿ ಅವನು ಅಪರಾಧಿಯೆಂದು ತೀರ್ಪಾಯಿತು. ಬುದ್ಧಿಗೆ ಕೊರತೆಯಿರಲಿಲ್ಲ, ಮಿತಿಗೆ ಕೊರತೆಯಿತ್ತು.

ಮಿತಿಯ ಪಾಠ ನಮ್ಮ ಊರಿಗೆ ಹೊಸದಲ್ಲ. 1924ರಲ್ಲಿ ಶಾಂತಿಸಾಗರ ಮಹಾರಾಜರಿಗೆ ಆಚಾರ್ಯ ಪದವಿ ದೊರೆತದ್ದು ಇದೇ ಸಮಡೋಳಿಯಲ್ಲಿ. ಅವರು ನಡೆದುಬಂದ ಪರಂಪರೆಯಲ್ಲಿ ಗೃಹಸ್ಥನಿಗೂ ಐದು ಅಣುವ್ರತಗಳಿವೆ. ಐದನೆಯದರಲ್ಲಿ, ಇಷ್ಟು ಆಸ್ತಿ ನನಗೆ ಸಾಕು ಎಂದು ಗೃಹಸ್ಥನು ತಾನೇ ಮೊದಲು ಗೆರೆ ಹಾಕಿಕೊಳ್ಳಬೇಕು. ಮೂರನೆಯದರಲ್ಲಿ, ತೂಕದಲ್ಲಿ ಕಡಿಮೆ ಕೊಡುವುದು, ಕಲಬೆರಕೆ ಮಾಲನ್ನು ಒಳ್ಳೆಯದೆಂದು ಮಾರುವುದು ಇವನ್ನೂ ಕಳವಿಗೆ ಸೇರಿಸಿದ್ದಾರೆ. ಯಾವ ಮತದವರೇ ಆಗಲಿ, ವ್ಯಾಪಾರ ಮಾಡುವವನು ಇವೆರಡನ್ನು ಮನಸ್ಸಿನಲ್ಲಿಟ್ಟರೆ ರಾತ್ರಿ ನಿಶ್ಚಿಂತೆಯಿಂದ ಮಲಗಬಹುದು.

ತಂದೆತಾಯಿಗಳಿಗೆ ಒಂದು ಮಾತು

ದೂರದಲ್ಲಿ ಓದುವ ಮಗ ಅಥವಾ ಮಗಳು ಫೋನು ಮಾಡಿದಾಗ ಮೊದಲ ಪ್ರಶ್ನೆ ಅಂಕದ್ದಾಗದಿರಲಿ. “ಊಟ ಆತೇನು?” ಎಂದು ಕೇಳುವ ನಮ್ಮ ಹಳೆಯ ಪದ್ಧತಿಯೇ ಸರಿಯಾದದ್ದು. ಹಬ್ಬಕ್ಕೆ ಬರುವುದನ್ನು ತಪ್ಪಿಸುವುದು, ಊಟ-ನಿದ್ದೆ ಕಡಿಮೆಯಾಗುವುದು, ಮೆಚ್ಚಿನ ಹವ್ಯಾಸವನ್ನು ಬಿಡುವುದು ಇವು ಕಂಡುಬಂದರೆ, ಓದಿನ ಶ್ರದ್ಧೆಯೆಂದು ಹೆಮ್ಮೆಪಡದೆ ಹೋಗಿ ನೋಡಿಬರಬೇಕು. ಮನಸ್ಸಿನ ನೋವಿಗೂ ಔಷಧೋಪಚಾರವಿದೆ, ಅದರಲ್ಲಿ ನಾಚಿಕೆಯಿಲ್ಲ. 2022ರಲ್ಲಿ ಭಾರತ ಸರಕಾರವು ಟೆಲಿ ಮಾನಸ್ ಎಂಬ ಉಚಿತ ಸೇವೆಯನ್ನು ಆರಂಭಿಸಿದೆ. 14416 ಎಂಬ ಸಂಖ್ಯೆಗೆ ಹಗಲು ರಾತ್ರಿ ಯಾವಾಗಲಾದರೂ ಫೋನು ಮಾಡಬಹುದು. ನಮ್ಮ ಭಾಷೆಗಳಲ್ಲಿಯೂ ಮಾತನಾಡಬಹುದು.

ಮುಕ್ತಾಯ

ಆ ದಿನ ಪುಣೆಯಲ್ಲಿ ಹುಡುಗನನ್ನು ಒಂದು ಖಾನಾವಳಿಗೆ ಕರೆದುಕೊಂಡು ಹೋಗಿ ಹೊಟ್ಟೆ ತುಂಬ ಊಟ ಮಾಡಿಸಿದೆನು. ರಾತ್ರಿಯ ಬಸ್ಸಿಗೆ ಊರಿಗೆ ಕರೆತಂದೆನು. ಆತನ ತಂದೆ ಪರೀಕ್ಷೆಯ ಮಾತನ್ನೇ ಎತ್ತಲಿಲ್ಲ. “ಬಾರಪಾ, ಕೈಕಾಲು ತೊಳ್ಕೊ” ಎಂದರು, ಅಷ್ಟೇ. ಅಕ್ಷರ ಕಲಿಯದ ಆ ಮನುಷ್ಯನು ನನಗಿಂತ ದೊಡ್ಡ ಗುರುವೆಂದು ಆಗ ತಿಳಿಯಿತು. ತಿಂಗಳೊಪ್ಪತ್ತು ಇದ್ದು, ಭಜನೆಗೆ ಹೋಗಿ, ಮತ್ತೆ ಪುಣೆಗೆ ಹೋದನು. ಒಂದು ಗುಂಪು ಪಾಸಾಯಿತು, ಇನ್ನೊಂದು ಆಗಲೇ ಇಲ್ಲ. ಆತ ಸಿ.ಎ. ಆಗಲಿಲ್ಲ. ಇಂದು ಸಾಂಗಲಿಯಲ್ಲಿ ಹಲವು ಅಡತಿ ಅಂಗಡಿಗಳ ಲೆಕ್ಕ ಬರೆಯುತ್ತಾನೆ. ಭಾನುವಾರ ನಮ್ಮ ಶಾಲೆಯಿಂದ ಹೋದ ವಾಣಿಜ್ಯ ವಿದ್ಯಾರ್ಥಿಗಳಿಗೆ ಲೆಕ್ಕಶಾಸ್ತ್ರವನ್ನು ಮೊದಲು ಕನ್ನಡದಲ್ಲಿ ತಿಳಿಸಿ, ಅನಂತರ ಇಂಗ್ಲಿಷಿನಲ್ಲಿ ಬರೆಯಿಸುತ್ತಾನೆ. ಸಂಜೆ ತಬಲಾ ಇದ್ದೇ ಇದೆ.

ಪುಣೆ, ಬೆಳಗಾವಿ, ಬೆಂಗಳೂರುಗಳಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ನಮ್ಮ ಶಾಲೆಯಲ್ಲಿ ಓದಿದ ಮಗುವೊಂದು ನಿಮ್ಮ ಊರಿಗೆ ಕಲಿಯಲು ಬಂದರೆ, ತಿಂಗಳಿಗೊಂದು ಭಾನುವಾರ ಮನೆಗೆ ಕರೆದು ರೊಟ್ಟಿ-ಪಲ್ಯದ ಊಟ ಹಾಕಿರಿ. ಎರಡು ಮಾತು ಕನ್ನಡದಲ್ಲಿ ಆಡಿರಿ. ಐವತ್ತು ವರ್ಷ ತುಂಬಿದ ಶಾಲೆಗೆ ಅದಕ್ಕಿಂತ ದೊಡ್ಡ ದೇಣಿಗೆ ಬೇಕಿಲ್ಲ. ಎಲ್ಲರಿಗೂ ಶುಭವಾಗಲಿ.