ಇಪ್ಪತ್ತೊಂದರ ಆಟದ ಮೂಲವಿಚಾರ

ಪಾಶ್ಚಾತ್ಯ ದೇಶಗಳ ದ್ಯೂತಗೃಹಗಳಲ್ಲಿ ಬಹುಪ್ರಚಾರವನ್ನು ಪಡೆದಿರುವ ಇಸ್ಪೀಟಿನ ಆಟಗಳಲ್ಲಿ ‘ಬ್ಲ್ಯಾಕ್‌ಜಾಕ್’ ಎಂಬುದೊಂದು. ಅದರ ಹಳೆಯ ಹೆಸರು ‘ಇಪ್ಪತ್ತೊಂದು’. ಈ ಆಟದ ಪ್ರಾಚೀನತೆಗೆ ವಿದ್ವಾಂಸರು ಸಾಮಾನ್ಯವಾಗಿ ಎತ್ತಿಹೇಳುವ ಮೊದಲ ಸಾಕ್ಷ್ಯವು ರಾಜಶಾಸನವಲ್ಲ, ಕ್ರೀಡಾಶಾಸ್ತ್ರದ ಗ್ರಂಥವೂ ಅಲ್ಲ, ಒಂದು ಕಥೆ. ಕಥೆಯ ಮಾತನ್ನು ಇತಿಹಾಸಕ್ಕೆ ಎಷ್ಟರಮಟ್ಟಿಗೆ ಪ್ರಮಾಣವಾಗಿ ಗ್ರಹಿಸಬಹುದೆಂಬುದು ಸಾಹಿತ್ಯವ್ಯಾಸಂಗಿಗಳಿಗೆ ಸೇರಿದ ಪ್ರಶ್ನೆಯಾದುದರಿಂದ ಅದನ್ನು ಇಲ್ಲಿ ವಿಚಾರಿಸಿದೆ.

ಆಟದ ಲಕ್ಷಣವು ಸರಳವಾದುದು. ಕೈಗೆ ಬಂದ ಎಲೆಗಳ ಬೆಲೆಯನ್ನು ಕೂಡಿಸಿದರೆ ಮೊತ್ತವು ೨೧ಕ್ಕೆ ಆದಷ್ಟು ಸಮೀಪವಾಗಬೇಕು, ಅದನ್ನು ಮೀರಬಾರದು. ರಾಜ, ರಾಣಿ, ಗುಲಾಮ ಈ ಮೂರಕ್ಕೂ ಬೆಲೆ ೧೦. ಎಕ್ಕಕ್ಕೆ ಮಾತ್ರ ಅನುಕೂಲವಿದ್ದಂತೆ ೧ ಅಥವಾ ೧೧. ಎಲೆ ಹಂಚುವವನು ದ್ಯೂತಗೃಹದ ಕಡೆಯವನು. ಆಡುವವನು ಮೊದಲು ಎಲೆಗಳನ್ನು ಕೇಳಿ ಪಡೆಯಬೇಕು. ಮೊತ್ತವು ಮೀರಿದರೆ ಅವನ ಪಣವು ಒಡನೆಯೇ ಹೋಯಿತು. ಅನಂತರ ಹಂಚುವವನ ಮೊತ್ತವೂ ಮೀರಿದರೂ ಆ ಪಣವು ಹಿಂದಿರುಗದು. ಗೃಹದ ಲಾಭಕ್ಕೆ ಮುಖ್ಯ ಕಾರಣ ಇದೇ.

ಸ್ಪೇನ್ ದೇಶದ ಮಹಾಲೇಖಕನಾದ ಸರ್ವಾಂಟಿಸನು ೧೬೧೩ರಲ್ಲಿ ಪ್ರಕಟಿಸಿದ ‘ನೊವೇಲಾಸ್ ಎಹೆಂಪ್ಲಾರೆಸ್’ ಎಂಬ ಸಂಗ್ರಹದಲ್ಲಿ ‘ರಿಂಕೊನೇತೆ ಮತ್ತು ಕೊರ್ತಾದಿಲ್ಯೊ’ ಎಂಬ ಕಥೆಯುಂಟು. ಮನೆ ಬಿಟ್ಟು ಬಂದ ಇಬ್ಬರು ಹುಡುಗರು ದಾರಿಯ ಛತ್ರದಲ್ಲಿ ಸಂಧಿಸುವರು. ಅವರಲ್ಲೊಬ್ಬನು ಇಪ್ಪತ್ತೊಂದರ ಆಟದಲ್ಲಿ ಎಕ್ಕವು ತಪ್ಪದೆ ತನಗೇ ಬರುವಂತೆ ಮಾಡಬಲ್ಲೆನೆಂದೂ, ಅದು ೧ ಆಗಿಯೂ ೧೧ ಆಗಿಯೂ ಸಲ್ಲುವುದರಿಂದ ಹಣವು ಹೊರಗೆ ಹೋಗದೆಂದೂ ಹೇಳಿಕೊಳ್ಳುವನು. ಬಳಿಕ ಇಬ್ಬರೂ ಕೂಡಿ, ಹೇಸರಗತ್ತೆ ಹೊಡೆಯುವವನೊಬ್ಬನನ್ನು ಆಟಕ್ಕೆ ಸೇರಿಸಿಕೊಂಡು ಅವನ ಹಣವನ್ನು ಸುಲಿಯುವರು.

ಇದರಿಂದ ಸಿದ್ಧವಾಗುವುದೇನು? ಆಟದ ಜೀವಾಳವಾದ ಎಕ್ಕದ ದ್ವಿವಿಧ ಬೆಲೆಯು ಆಗಲೇ ರೂಢಿಯಲ್ಲಿತ್ತು. ಕವಿಯು ಆಟದ ನಿಯಮಗಳನ್ನೆಲ್ಲ ವಿವರಿಸದೆ ಮುಂದೆ ಸಾಗುವುದರಿಂದ ಅದು ಅಲ್ಲಿಯ ವಾಚಕರಿಗೆ ಸುಪರಿಚಿತವಾಗಿತ್ತೆಂದು ಊಹಿಸಬಹುದು. ಆದರೆ ಆಟವು ಸ್ಪೇನಿನಲ್ಲಿಯೇ ಹುಟ್ಟಿತೆಂದು ಸಿದ್ಧವಾಗದು. ಉಲ್ಲೇಖವು ಇರವನ್ನು ತಿಳಿಸುತ್ತದೆಯೇ ಹೊರತು ಹುಟ್ಟನ್ನಲ್ಲ. ಈ ಕಥೆಯ ಹೆಸರು ೧೬೦೫ರ ‘ಡಾನ್ ಕ್ವಿಕ್ಸೋಟ್’ ಮೊದಲ ಭಾಗದಲ್ಲಿಯೂ ಬಂದಿದೆ. ಹೆಸರೊಂದರ ಬಲದಿಂದಲೇ ಆಟದ ಕಾಲವನ್ನು ಹಿಂದಕ್ಕೆ ಒಯ್ಯುವುದು ಯುಕ್ತವಲ್ಲ.

೧೮ನೆಯ ಶತಮಾನದಲ್ಲಿ ಈ ಆಟವು ಫ್ರಾನ್ಸಿನಲ್ಲಿ ಅದೇ ಅರ್ಥದ ಫ್ರೆಂಚ್ ಹೆಸರಿನಿಂದ ಪ್ರಚಾರದಲ್ಲಿತ್ತು. ೧೮೧೩ರಲ್ಲಿ ಪ್ರಕಟವಾದ ಜೇನ್ ಆಸ್ಟಿನ್ನಳ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯಲ್ಲಿ ಇಂಗ್ಲಿಷ್ ಗೃಹಸ್ಥರು ಈ ಆಟವನ್ನು ಫ್ರೆಂಚ್ ಹೆಸರಿನಿಂದಲೇ ಕರೆಯುವರು. ಇಂಗ್ಲೆಂಡಿಗೆ ಅದು ಬಂದ ದಾರಿಯನ್ನು ಆ ಹೆಸರೇ ಸೂಚಿಸುತ್ತದೆ.

ಅಮೆರಿಕಾದಲ್ಲಿ ಹೆಸರು ಬದಲಾಯಿತು. ಇಸ್ಪೀಟು ಎಕ್ಕವೂ ಕರಿಯ ಗುಲಾಮನೂ ಒಟ್ಟಿಗೆ ಬಂದವನಿಗೆ ಪಣದ ಹತ್ತರಷ್ಟು ಕೊಡುತ್ತಿದ್ದರು, ಅದರಿಂದ ‘ಬ್ಲ್ಯಾಕ್‌ಜಾಕ್’ ಎಂಬ ಹೆಸರು ಬಂದಿತು ಎಂಬುದು ಜನಜನಿತವಾದ ನಿರ್ವಚನ. ಫ್ರೆಂಚ್ ಸಂಶೋಧಕರಾದ ತಿಯರಿ ದೆಪೊಲಿಸ್ ಅವರು ಇಂತಹ ಬಹುಮಾನಕ್ಕೆ ಆಧಾರ ಸಿಕ್ಕದೆಂದು ತೋರಿಸಿ, ೧೮೯೬-೯೯ರ ಕ್ಲಾಂಡೈಕ್ ಚಿನ್ನದ ಅನ್ವೇಷಕರಲ್ಲಿ ಈ ಹೆಸರು ಬಳಕೆಯಲ್ಲಿದ್ದುದನ್ನು ಎತ್ತಿಹೇಳಿರುವರು. ಚಿನ್ನ ಬೆಳ್ಳಿಗಳ ಜೊತೆಗೆ ದೊರೆಯುವ ಸತುವಿನ ಅದಿರೊಂದಕ್ಕೂ ಅದೇ ಹೆಸರಿದೆ. ಅದರಿಂದಲೇ ಆಟಕ್ಕೆ ಬಂದಿರಬಹುದೆಂದು ಅವರ ಅಭಿಪ್ರಾಯ. ಹೆಸರನ್ನು ನೋಡಿ ಕಥೆ ಕಟ್ಟುವ ನಿರ್ವಚನಗಳು ನಮ್ಮ ಸ್ಥಳಪುರಾಣಗಳಲ್ಲಿಯೂ ಅಪರೂಪವಲ್ಲ.

೧೯೩೧ರಲ್ಲಿ ನೆವಾಡ ಸಂಸ್ಥಾನವು ದ್ಯೂತವನ್ನು ಶಾಸನಬದ್ಧಗೊಳಿಸಿದ ಮೇಲೆ ಆಟವು ಅಲ್ಲಿ ಬೇರೂರಿತು. ೧೯೬೨ರಲ್ಲಿ ಗಣಿತಜ್ಞ ಎಡ್ವರ್ಡ್ ಥಾರ್ಪ್ ‘ಬೀಟ್ ದಿ ಡೀಲರ್’ ಎಂಬ ಗ್ರಂಥದಲ್ಲಿ, ಬಿದ್ದ ಎಲೆಗಳ ಲೆಕ್ಕವನ್ನು ಇಟ್ಟುಕೊಂಡವನು ಗೃಹವನ್ನೇ ಗೆಲ್ಲಬಲ್ಲನೆಂದು ತೋರಿಸಿದನು. ದಾಳಕ್ಕೆ ಹಿಂದಿನ ನೆನಪಿಲ್ಲ. ಕಟ್ಟಿನಿಂದ ಹೋದ ಎಲೆಯಾದರೋ ಮತ್ತೆ ಕಲಸುವವರೆಗೆ ಬಾರದು. ಋತುಪರ್ಣನು ತಾರೆಯ ಮರದ ಎಲೆ ಕಾಯಿಗಳನ್ನು ಎಣಿಸಿ ಹೇಳಿ ನಳನಿಗೆ ಅಕ್ಷಹೃದಯವನ್ನು ಉಪದೇಶಿಸಿದ ಪ್ರಸಂಗವನ್ನು ಇಲ್ಲಿ ಸ್ಮರಿಸಬಹುದು. ದ್ಯೂತಕ್ಕೂ ಸಂಖ್ಯಾಜ್ಞಾನಕ್ಕೂ ಇರುವ ನಂಟನ್ನು ಭಾರತದ ಕವಿಯು ಬಲ್ಲವನಾಗಿದ್ದನು.

ಎಕ್ಕವಿರುವ ಎಡೆಯನ್ನು ಬಲ್ಲವನಿಗೇ ಗೆಲವು ಎಂಬ ಮರ್ಮವನ್ನು ಥಾರ್ಪನು ಗಣಿತದಿಂದ ಸಾಧಿಸುವುದಕ್ಕೆ ಸುಮಾರು ೩೫೦ ವರ್ಷಗಳ ಹಿಂದೆಯೇ ಸರ್ವಾಂಟಿಸನು ಒಬ್ಬ ಮೋಸಗಾರ ಹುಡುಗನ ಬಾಯಿಂದ ಹೇಳಿಸಿದನು. ಕಥೆಯು ಹುಟ್ಟಿನ ವಿಷಯದಲ್ಲಿ ಮೌನವಾಗಿದ್ದರೂ ಸ್ವರೂಪದ ವಿಷಯದಲ್ಲಿ ಪ್ರಮಾಣವೇ ಸರಿ.